ಶಾಂತಕುಮಾರಿ ಸೈಕಲ್ಲು

ಹಲೋ... ಹಲೋ, ಯಾರು ಮಾತಾಡೋದು?... ಹಾಸನವಾ? ಇನ್ಸೂರೆನ್ಸ್ ಏಜೆಂಟು ಚಂದ್ರಯ್ಯನೋರ ಮನೇನಾ?... ಹಾಂ, ಚನ್ನರಾಯಪಟ್ಟಣದಿಂದ ಕಣವ್ವ, ಟ್ರಂಕ್ ಕಾಲು. ಕೊಬ್ಬರಿ ಮಂಡಿ ಬಸವಲಿಂಗಮ್ಮ ಅಂತ ಹೇಳು. ನೀನ್ಯಾರು ಮಗಾ, ಅವರ ಮಗಳಾ?... ಪ್ರೇಮಕುಮಾರಿ. ಚೆಂದದ ಹೆಸರು. ನಿಮ್ಮಪ್ಪಾಜಿನ ಒಸಿ ಕರಿ...

ಪೂಜೆಗೆ ಕೂತವ್ರಾ? ಆಗ್ಲಿ, ಕಾಯ್ತೀನಿ. ಮನೆ ವಿಮೆ ಮಾಡಿಸ್ಬೇಕಂತೆ, ದೊಡ್ಡ ಮನೆಯಂತೆ ಅಂತ ಹೇಳು. ಲಿಂಗ ಅಂಗೈ ಮೇಲಿದ್ರೂ ಎದ್ದು ಬತ್ತಾರೆ... ನಗಬ್ಯಾಡ ಮಗಾ, ಹೋಗಿ ಹೇಳು.

ಶಾಂತಾ, ಬಾಗಿಲತ್ರ ನಿಂತ್ಕೋಬ್ಯಾಡ. ಬಂದು ಕೂತ್ಕೋ, ಇಲ್ಲ ಒಳಗೋಗು. ಫೋನಿನ ಬಾಯಿ ಮುಚ್ಚಿ ಹಿಡ್ದಿವ್ನಿ, ಅವರಿಗೆ ಕೇಳಕ್ಕಿಲ್ಲ... ಬುಟ್ಬುಡವ್ವ ಅಂತೀಯಲ್ಲ, ಎಂಗೆ ಬುಡ್ಲಿ? ನಿನ್ನ ಗಂಡ ಇವತ್ತು ಆ ಮನೇಲಿ ಎರಡನೇ ಮದುವೆಗೆ ವೀಳ್ಯ ಇಸ್ಕೊಳ್ಳಕ್ಕೆ ಬಂದು ಕೂತವ್ನೆ. ಲಕ್ಕಣ್ಣ ನೆನ್ನೆ ಕೊಬ್ಬರಿ ಗಾಡಿ ಹೊಡ್ಕೊಂಡು ಹಾಸನಕ್ಕೆ ಹೋದೋನು ಕಣ್ಣಾರೆ ಕಂಡವ್ನೆ, ನಿನ್ನ ಸೈಕಲ್ಲು ಅವರ ಜಗಲಿಗೆ ಒರಗಿಸಿತ್ತಂತೆ. ನಾಳೆ ವೀಳ್ಯ ಅಂತ ಪಕ್ಕದ ಮನೆಯೋರೇ ಅಂದ್ರಂತೆ. ಕಳ್ಕೊಂಡೋಳು ನೀನು, ಹೊಟ್ಟೆ ಉರೀತಿರೋದು ನಂದು. ಆ ವೀಳ್ಯ ಆಗಕ್ಕೆ ನಾನು ಬುಡಕ್ಕಿಲ್ಲ... ಸುಮ್ಕಿರು, ಬಂದ್ರು.

ಶರಣು, ಶರಣು ಚಂದ್ರಯ್ಯನೋರೆ. ಪೂಜೆ ಮಧ್ಯೆ ಎಬ್ಬಿಸ್ಬುಟ್ಟೆ, ತಪ್ಪು ತಿಳ್ಕೋಬ್ಯಾಡಿ... ದಾವಣಗೆರೆ ಕಡೆಯಿಂದ ಹೊಸದಾಗಿ ಬಂದವರು ಅಂತ ಕೇಳಿದ್ದೆ, ಹೌದಾ?... ಅದೇ ಮತ್ತೆ, ನಮ್ಮ ಕಡೆ ಜನ ನಿಮಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮೆಜಮಾನ್ರು ಹೋದ ಮೇಲೆ ಮಂಡಿ ನಾನೇ ನೋಡ್ಕೊಂಡಿವ್ನಿ. ಈ ಫೋನೂ ತಿಪಟೂರು ಧಾರಣೆ ಕೇಳಕ್ಕೆ ಅಂತ ಅವರೇ ಹಾಕಿಸಿದ್ದು. ಅಟ್ಟದ ತುಂಬ ಕೊಬ್ಬರಿ, ಒಂದು ಕಿಡಿ ಬಿದ್ರೆ ಮುಗೀತು...

ಹಾಂ, ಬೆಂಕಿದು ಒಂದು ತರ, ಬೆಂಕಿ ಕಳವು ಎರಡೂ ಸೇರಿದ್ದು ಇನ್ನೊಂದು ತರ, ಅಲ್ವಾ?... ನನಗೆ ಎರಡೂ ಸೇರಿದ್ದೇ ಬೇಕು ಸ್ವಾಮಿ. ಬೆಂಕಿ ಬಿದ್ರೆ ಹೊಗೆನಾದ್ರೂ ಕಾಣ್ತದೆ. ಕಳ್ಳ ಬಿದ್ರೆ ಅದೂ ಇಲ್ಲ. ಒಂದು ಮಾತು ಮೊದಲೇ ಕೇಳ್ಬುಡ್ತೀನಿ, ನಿಮ್ಮ ಕಂಪ್ನಿ ವಿಮೇಲಿ ಸೈಕಲ್ಲು ಸೇರ್ತದಾ?... ಹೂಂ, ಸೈಕಲ್ಲು. ಹೊಳೆನರಸೀಪುರದ ಏಜೆಂಟೊಬ್ಬ ಬಂದಿದ್ದ. ಸೈಕಲ್ಲು ಮನೆ ಸಾಮಾನಲ್ಲ ತಾಯಿ, ಬೀದಿ ಸಾಮಾನು ಅಂದ. ಕಾಪಿ ಕುಡಿಸಿ ಕಳಿಸ್ಬುಟ್ಟೆ. ನಮ್ಮನೇಲಿ ಸೈಕಲ್ಲು ನಡುಮನೇಲಿ ನಿಲ್ಲಿಸಿ ಇಬೂತಿ ಹಚ್ತೀವಿ. ಅದು ಎಂಗೆ ಬೀದಿ ಸಾಮಾನಾಗ್ತದೆ?...

ನಿಮ್ಮದ್ರಲ್ಲಿ ಸೇರ್ತದೆ. ಬಾಳ ಸಂತೋಷ... ಬೆಲೆ ಬಾಳೋದಾದ್ರೆ ಬೇರೆಯಾಗಿ ಹೇಳ್ಬೇಕು, ಆಗ್ಲಿ, ಹೇಳ್ತೀನಿ. ಎರಡವೆ. ಒಂದು ನಮ್ಮೆಜಮಾನ್ರದು, ಹಳೇದು. ಇನ್ನೊಂದು ನನ್ನ ಮಗಳದು, ವಿಲಾಯ್ತಿದು, ಯುದ್ಧ ಶುರುವಾಗೋಕೆ ಮುಂಚೆ ತರಿಸಿದ್ದು. ಈಗ ಟಯರಿಗೇ ಗತಿಯಿಲ್ಲ, ಅಂಥ ಸೈಕಲ್ಲು ಎಲ್ಲಿ ಸಿಗ್ತದೆ, ನೀವೇ ಹೇಳಿ... ರಾತ್ರಿ ಮನೆ ಒಳಗೇ ಇರ್ಬೇಕು, ಬೀಗ ಹಾಕಿರ್ಬೇಕು. ಬೀಗ ಐತೆ ಸ್ವಾಮಿ. ಬೀಗದ ಕೈ ಮಾತ್ರ ನಮ್ಮತ್ರ ಇಲ್ಲ...

ಅದೇ ಹೇಳಕ್ಕೆ ಬಂದೆ. ತಾಳಿ, ಏನು ನಿಮ್ಮನೇಲಿ ಅಷ್ಟೊಂದು ಜನದ ಗದ್ದಲ?... ಮಗಳ ವೀಳ್ಯವಾ. ಆಗ್ಲಿ, ಹೆಣ್ಣೆತ್ತೋರಿಗೆ ಅದಕ್ಕಿಂತ ದೊಡ್ಡ ದಿನ ಯಾವುದೈತೆ. ಗಂಡಿನ ಕಡೆಯೋರು ಬಂದಾಯ್ತಾ?... ಜಗಲಿ ಮೇಲೆ ಕೂತವ್ರೆ. ಅಂಗಾದ್ರೆ ಬೇಗ ಮುಗಿಸ್ತೀನಿ.

ಕಳವಿಗೆ ದುಡ್ಡು ಬತ್ತದೆ ಅಂದ್ರಲ್ಲ, ಯಾರು ಕದ್ರೂ ಬತ್ತದಾ?... ಮನೆಯೋರೇ ಕದ್ರೆ ಕಂಪ್ನಿ ಕೊಡಕ್ಕಿಲ್ಲ. ನ್ಯಾಯವೇ. ಮನೆಯೋರು ಅಂದ್ರೆ ಯಾರ್ಯಾರು?... ಮಗ, ಸೊಸೆ, ಆಳು. ಅಳಿಯ?... ಅಳಿಯನೂ ಮನೆಯೋನೇ. ಮಗಳನ್ನ ಬಾಳಿಸೋ ಅಳಿಯ ಮನೆಯೋನೇ, ನಾನೂ ಒಪ್ತೀನಿ. ಮಗಳನ್ನ ತವರಿಗೆ ಅಟ್ಟಿ, ತಿರುಗೂ ನೋಡ್ದೆ, ಬೇರೆ ಹೆಣ್ಣು ನೋಡಕ್ಕೆ ಹೊಂಟೋನು? ಅವನೂ ಮನೆಯೋನಾ?... ಯೋಚ್ನೆ ಮಾಡಿ ಹೇಳಿ, ಅವಸರ ಇಲ್ಲ... ಇನ್ನೊಂದ್ಸಲ ಹೇಳಿ, ಲೈನು ಕರಕರ ಅಂತದೆ... ಅವನು ಮನೆಯೋನಲ್ಲ. ಅವನು ಇಟ್ಕೊಂಡ್ರೆ ಅದು ಕಳವೇ. ಕೇಳಿದ್ಯಾ ಶಾಂತಾ? ದೊಡ್ಡೋರ ಬಾಯಲ್ಲೇ ಬಂತು.

ಏನಪ್ಪ ಎಕ್ಸ್‌ಚೇಂಜು?... ಮೂರು ನಿಮಿಷ ಆಯ್ತಾ? ಇನ್ನೊಂದು ಮೂರು ಹಾಕು. ಅದು ಮುಗಿದ್ರೆ ಇನ್ನೊಂದು ಹಾಕು. ನಡುವೆ ಬಾಯಿ ಹಾಕ್ಬ್ಯಾಡ.

ಇದ್ದೀರಾ ಚಂದ್ರಯ್ಯನೋರೆ?... ಕೇಳಿ. ನನ್ನ ಮಗಳ ಮದುವೇಲಿ ಆ ಗಂಡಿನ ಕಡೆಯೋರು ಸಭೇಲಿ ನಾವು ವರದಕ್ಷಿಣೆ ಮುಟ್ಟೋ ಜನ ಅಲ್ಲ ಅಂತ ಎದೆ ತಟ್ಕೊಂಡ್ರು. ಒಳಗೆ ಬಂದು, ಸೈಕಲ್ಲು ಬರೋಗಂಟ ಹುಡುಗ ಹಸೆಮಣೆ ಹತ್ತಕ್ಕಿಲ್ಲ ಅಂದ್ರು. ನಮ್ಮೆಜಮಾನ್ರು ರಾತ್ರೋರಾತ್ರಿ ಬೆಂಗಳೂರಿಂದ ತರಿಸಿದ್ರು. ಸಭೇಲಿ ಮಾನ ಹೋಗಬಾರದಲ್ಲ, ಅದಕ್ಕೆ ಅವರೇ ನಿಂತು, ಯಾರು ಏನು ಉಡುಗೊರೆ ಕೊಟ್ರು ಅಂತ ಮುಯ್ಯಿ ಕೂಗೋನ ಕೈಲಿ ಏನು ಕೂಗಿಸಿದ್ರು ಗೊತ್ತಾ? ತಂದೆ ಮಗಳಿಗೆ ಕೊಟ್ಟ ಸೈಕಲ್ಲು, ಅಂತ. ಗಂಡಿಗೆ ಅಂತ ಕೂಗಿದ್ರೆ ದಕ್ಷಿಣೆ ಆಗ್ತದೆ ಅಂತ. ಚಪ್ಪರದಡಿ ಇದ್ದ ಜನ ಅಷ್ಟೂ ಕೇಳವ್ರೆ. ಅಂಗಾದ್ರೆ ಸೈಕಲ್ಲು ಯಾರದು?... ಹಾಂ, ಅವಳದೇ.

ಆಮೇಲೆ ಏನು. ನಮ್ಮೆಜಮಾನ್ರು ಕಣ್ಣು ಮುಚ್ಚಿದ್ರು, ಇವಳಿಗೆ ಹೊಟ್ಟೇಲಿದ್ದದ್ದು ನಿಲ್ಲಲಿಲ್ಲ. ಗೌರಿ ಹಬ್ಬಕ್ಕೆ ಹೋಗಿ ಬಾ ಅಂತ ಬಸ್ಸು ಹತ್ತಿಸಿದೋನು ಕರ್ಕೊಂಡೋಗಕ್ಕೆ ಬರಲೇ ಇಲ್ಲ. ಎರಡು ಗೌರಿ ಆಯ್ತು. ಆಳಿನ ತಲೆ ಮೇಲೆ ಅವಳ ಪೆಟ್ಟಿಗೆ ಕಳಿಸ್ದ. ಪೆಟ್ಟಿಗೆ ಬಂತು, ಸೈಕಲ್ಲು ಬರಲಿಲ್ಲ. ಉಂಡೂ ಹೋದ, ಕೊಂಡೂ ಹೋದ...

ಯಾವೂರೋನಾ? ಅರಕಲಗೂಡು. ಜವಳಿ ಅಂಗಡಿ ಗೌರೀಶಂಕರ.

... ಅವನೇನಾ ಅಂತೀರಾ? ಹೂಂ, ಅವನೇ. ನಿಮ್ಮ ಜಗಲಿ ಮೇಲೆ ಜರಿ ರುಮಾಲು ಸುತ್ಕೊಂಡು ಕೂತವ್ನಲ್ಲ, ಅವನೇ. ನಿಮ್ಮ ಕಂಪ್ನಿ ಲೆಕ್ಕದಲ್ಲಿ ಕಳ್ಳ. ನಾನು ಹೇಳಿದ್ದಲ್ಲ, ನೀವು ಹೇಳಿದ್ದು...

ಏನಂದ್ರಿ?... ಇನ್ನೊಂದ್ಸಲ ಹೇಳಿ... ಮೊದಲನೇ ಹೆಂಡ್ತಿ...

... ಸತ್ತೋದ್ಲು ಅಂದ್ನಾ. ಯಾವ ಕಾಯಿಲೇಲಿ?... ಮಲೇರಿಯಾ. ಮಣ್ಣಿಗೂ ಹೋಗಿದ್ನಂತಾ?... ಅತ್ತುಬುಟ್ನಾ ನಿಮ್ಮ ಮುಂದೆ? ಕಣ್ಣೀರು ಹಾಕ್ದ. ನೀವು ಸಮಾಧಾನ ಮಾಡಿದ್ರಿ. ಸತ್ತೋಳ ಗಣಾರಾಧನೆ ಎಲ್ಲಿ ಮಾಡಿದ್ನಂತೆ ಕೇಳ್ಬೇಕಿತ್ತು, ಹೆತ್ತ ತಾಯಿಗೇ ಹೇಳಿ ಕಳಿಸ್ಲಿಲ್ಲ... ಚಂದ್ರಯ್ಯನೋರೆ, ನಾನು ಫೋನು ಮಾಡುವಾಗ ಸೈಕಲ್ಲು ಕಿತ್ಕೊಂಡ್ರೆ ಸಾಕು, ನಾಲ್ಕು ಜನದ ಮುಂದೆ ಅವನ ರುಮಾಲು ಬಿದ್ರೆ ಸಾಕು ಅಂದ್ಕೊಂಡಿದ್ದೆ. ಈಗ ಸಾಲದು. ನನ್ನ ಮಗಳನ್ನ ಬದುಕಿದ್ದಂಗೇ ಹೂತವ್ನೆ. ಅವನ ಮನೆ ಹಾಳಾಗ, ಅವನ ಅಂಗಡಿಗೆ ಗೆದ್ದಲು ಹತ್ತ. ಇಲ್ಲೇ ಕೂತವ್ಳೆ ಸ್ವಾಮಿ, ನನ್ನ ಎದುರಿಗೆ. ಕೈಲಿ ಕನಕಾಂಬರ ಐತೆ, ಅರ್ಧ ಕಟ್ಟಿದ ದಂಡೆ...

ನಂಬಕ್ಕಿಲ್ವಾ? ಯಾರೋ ಹೊಟ್ಟೆಕಿಚ್ಚಿಗೆ ಮದುವೆ ಮುರಿಯೋರು ಅಂತೀರಾ?... ಅನ್ನಿ, ನಾನಾದ್ರೂ ಅಂಗೇ ಅಂತಿದ್ದೆ. ಒಂದು ಕೆಲ್ಸ ಮಾಡಿ. ಆ ಸೈಕಲ್ಲಿನ ಬೆಲ್ಲು ನೋಡಿ ಬನ್ನಿ. ನಮ್ಮ ಕಡೆ ಹೆಣ್ಣುಮಗಳಿಗೆ ಪಾತ್ರೆ ಕೊಟ್ರೆ ಹೆಸರು ಹಾಕಿಸ್ದೆ ಕೊಡಕ್ಕಿಲ್ಲ. ಕಂಠದ ಮೇಲೂ ಹಾಕಿಸ್ತೀವಿ, ತಳಕ್ಕೂ ಹಾಕಿಸ್ತೀವಿ. ಪಾತ್ರೆಗೆ ಹೆಸರು ಕೆತ್ತೋನು ಅವತ್ತು ಜಗಲೀಲಿ ಕೂತಿದ್ದ, ಸೈಕಲ್ಲಿಗೂ ಹಾಕಪ್ಪ ಅಂದೆ. ಬೆಲ್ಲಿನ ಮೇಲೆ ಹಾಕ್ದ, ಬಿಚ್ಚಿ ಒಳಗೂ ಹಾಕ್ದ. ಮೇಲಿಂದು ನಿಮ್ಮ ಗಂಡು ಅರ ಹಾಕಿ ಉಜ್ಜವ್ನೆ, ನಮ್ಮ ಗಾಡಿ ಹೊಡೆಯೋ ಲಕ್ಕಣ್ಣ ನೆನ್ನೆ ಅದೇ ಹೊಳಪು ಕಂಡದ್ದು. ಒಳಗಿಂದು ಅವನಿಗೆ ಗೊತ್ತಿಲ್ಲ. ಬೆಲ್ಲಿನ ಬಟ್ಟಲು ಕೈಯಲ್ಲೇ ತಿರುಗಿಸಿದ್ರೆ ಬಿಚ್ಕೊಳ್ತದೆ. ನಾಲ್ಕು ಜನದ ಮುಂದೆ ಬಿಚ್ಚಿ, ಜೋರಾಗಿ ಓದಿ. ಕಳ್ಳನ ಹೆಂಡ್ತಿ ಎಂದಿದ್ರೂ ಮುಂಡೆ ಅಂತಾರೆ. ನಾನು ಮುಂಡೆ, ಅದು ಎಂಗಿರ್ತದೆ ಅಂತ ನನಗೆ ಗೊತ್ತು. ನಿಮ್ಮ ಹುಡುಗಿಗೆ ಯಾಕೆ ಸ್ವಾಮಿ...

ಹೋದ್ರು... ಹಾಂ, ಯಾರು? ಪ್ರೇಮಾನಾ? ಕೇಳಿಸ್ಕೊಂಡ್ಯಾ ಮಗಾ ಎಲ್ಲಾನೂ?... ಅಂಗೇ ಹಿಡ್ಕೊಂಡಿರು, ಇಡಬ್ಯಾಡ. ಶಾಂತಾ, ಬಾ ಇಲ್ಲಿ. ಆ ಹುಡುಗಿ ಫೋನು ಹಿಡ್ಕೊಂಡವ್ಳೆ. ನೀನು ಸತ್ತಿದೀಯಂತೆ ಕಣವ್ವ. ಒಂದು ಮಾತಾಡು... ಬುಡು ಬುಡು ಅಂತಿದ್ಯಲ್ಲ, ಈಗ ಹೇಳು, ಬುಡ್ಲಾ?... ತಗೋ ಅಂಗಾದ್ರೆ. ಇದು ಕಿವಿಗೆ. ಅದರ ಮುಂದೆ ಬಾಯಿ ಇಟ್ಟು ಮಾತಾಡು.

ಹಲೋ... ಹೂಂ, ನಾನೇ. ನಾನು ಶಾಂತಕುಮಾರಿ... ಇಲ್ಲ, ಸತ್ತಿಲ್ಲ. ಇದ್ದೀನಿ... ಅಳಬೇಡ. ನಿನ್ನ ಮೇಲೆ ನನಗೆ ಕೋಪ ಇಲ್ಲ, ನಿನಗೇನು ಗೊತ್ತಿತ್ತು... ಜ್ವರಾನೂ ಬಂದಿರಲಿಲ್ಲ...

ಅದೇನು ಸದ್ದು?... ನಿಮ್ಮಪ್ಪಾಜಿ ಬೆಲ್ಲು ಬಿಚ್ಚಿದ್ರಾ?... ಏನಂತ ಓದ್ತಾ ಇದಾರೆ?... ಹೂಂ, ನನ್ನ ಹೆಸರೇ. ನಮ್ಮವ್ವನ ಹೆಸರೂ ಐತಾ?... ಅವ್ವ, ಅವನು ಎದ್ದು ನಿಂತವ್ನಂತೆ. ಹೊರಡ್ತೀನಿ ಅಂತ ಗಲಾಟೆ ಮಾಡ್ತವ್ನಂತೆ...

ಹೂಂ ಅವ್ವ, ಹೇಳ್ತೀನಿ. ಪ್ರೇಮಾ, ನಮ್ಮವ್ವ ಹೇಳ್ತಾವ್ರೆ, ಅವನು ಬೇಕಾದ್ರೆ ಹೋಗ್ಲಂತೆ, ಸೈಕಲ್ಲು ಮಾತ್ರ ಬಿಡಬೇಡಿ ಅಂತ. ಇದ್ದಿಲಲ್ಲಿ ಓಡೋ ಬಸ್ಸು ಕೆಟ್ಟು ನಿಂತೈತಂತೆ ಇವತ್ತು. ಗೊರೂರು ಹೊಳೆ ದಾಟಿ ಅರಕಲಗೂಡಿನ ತನಕ ನಡ್ಕೊಂಡೇ ಹೋಗ್ಲಂತೆ, ಕಂಡೋರೆಲ್ಲ ಸೈಕಲ್ಲೆಲ್ಲಿ ಗೌರೀಶಂಕರಪ್ಪ ಅಂತ ಕೇಳ್ಲಂತೆ...

ಹಾಂ?... ಬೀಗ ಹಾಕವ್ನಾ? ಕೈ ಕೊಡಲ್ಲ ಅಂತಾನಾ? ಕಳೆದೋಯ್ತು ಅಂತಾನಾ?... ಸುಳ್ಳು. ಕೇಳು ಪ್ರೇಮಾ, ನಿಮ್ಮಪ್ಪಾಜಿಗೆ ಹೇಳು. ಕೋಟಿನ ಎಡಗಡೆ ಒಳಜೇಬು. ಗಡಿಯಾರದ ಸರಪಳಿಗೆ ಸಿಕ್ಕಿಸಿರ್ತಾನೆ. ನಾನೇ ದಿನಾ ಬೆಳಿಗ್ಗೆ ಸಿಕ್ಕಿಸಿ ಕೊಡ್ತಿದ್ದೆ...

ಸಿಕ್ತಾ?... ಪ್ರೇಮಾ, ಬೀಗದ ಕೈ ಸಿಕ್ತಾ?... ಹಲೋ... ಅವ್ವ, ಲೈನು ಹೋಯ್ತು, ಏನೂ ಕೇಳ್ತಿಲ್ಲ... ಹಲೋ...