ಬರೆಯದ ಹೆರಿಗೆಗಳು

ಆರೋಗ್ಯ ಇಲಾಖೆಯ ಲಿಫ್ಟಿನ ಸಾಲಿನಲ್ಲಿ ಹಳ್ಳಿಯ ಸಣ್ಣ ಹೆರಿಗೆ ಆಸ್ಪತ್ರೆಯ ನರ್ಸಮ್ಮ ನಿಂತಿದ್ದಳು. ಮುಂದಿದ್ದ ಇಬ್ಬರು ಅಧಿಕಾರಿಗಳು ಮಾತಾಡುತ್ತಿದ್ದರು.

“ಒಂಬೈನೂರು ಸಂಶೋಧನಾ ವರದಿ ಸರ್. ಎಐ ಎರಡೇ ದಿನದಲ್ಲಿ ಓದಿ ಮುಗಿಸ್ತು.”

“ಏನನ್ನುತ್ತೆ?”

“ಸಣ್ಣ ಹೆರಿಗೆ ಆಸ್ಪತ್ರೆ ಮುಚ್ಚಿದ್ರೂ ತೊಂದರೆ ಇಲ್ವಂತೆ.”

“ದೂರದೂರಿಗೆ ಹೋಗೋವಾಗ ದಾರೀಲೇ ಹೆರಿಗೆ ಆದ್ರೆ?”

“ಅದರ ಬಗ್ಗೆ ಯಾರೂ ಬರೆದಿಲ್ಲ ಸರ್. ಬರೀದೇ ಇರೋದನ್ನ ಅದು ಹೇಗೆ ಓದುತ್ತೆ?”

“ನಾವೇ ಹೋಗಿ ನೋಡಬಹುದಿತ್ತಲ್ರೀ.”

“ಟೈಮೆಲ್ಲಿತ್ತು ಸರ್? ಮುಚ್ಚೋ ಆದೇಶಕ್ಕೆ ಮಂತ್ರಿಗಳು ಬೆಳಿಗ್ಗೆನೇ ಸಹಿ ಹಾಕಿಬಿಟ್ರು.”

ನರ್ಸಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಆಸ್ಪತ್ರೆ ಉಳಿಸಿ ಎಂದು ಬೇಡಿಕೊಳ್ಳಲೆಂದೇ ಅವಳು ಇಪ್ಪತ್ತು ವರ್ಷಗಳ ರಿಜಿಸ್ಟರು ಹೊತ್ತು ಬಂದಿದ್ದಳು. ದಾರಿಯಲ್ಲೇ ಹೆತ್ತವರ, ಉಳಿಯದೆ ಹೋದವರ ಹೆಸರುಗಳೂ ಅದರಲ್ಲಿದ್ದವು.

“ಸಾರ್, ಇದರಲ್ಲಿ ಬರೆದಿದೆ,” ಎಂದಳು.

ಅಷ್ಟರಲ್ಲಿ ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು.

“ಜಾಗ ಇಲ್ಲಮ್ಮ, ಮುಂದಿನದರಲ್ಲಿ ಬನ್ನಿ.”

ಬಾಗಿಲು ಮುಚ್ಚಿಕೊಂಡಿತು.