ಒಂದು ಗೇಣು ಕಡಿಮೆ

ಸಭೆಯ ಅಧ್ಯಕ್ಷರೇ, ನಮ್ಮ ಸಂಸ್ಥೆಯ ಮಾಲೀಕರೇ, ವೇದಿಕೆಯ ಮೇಲಿನ ಅತಿಥಿಗಳೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿರುವ ಹಿರಿಯರೇ, ಹಿಂದಿನ ಕಬ್ಬಿಣದ ಕುರ್ಚಿಗಳಲ್ಲಿರುವ ನನ್ನ ಸಹೋದ್ಯೋಗಿಗಳೇ, ಬಾಗಿಲ ಪಕ್ಕದಲ್ಲಿ ಕುಳಿತಿರುವವರೇ, ಸಭಿಕರೇ,

ನನಗೆ ಮಾತು ಬರುವುದಿಲ್ಲ. ಹೀಗೆಂದು ಶುರುಮಾಡಿದವರು ಬೇಗ ಮುಗಿಸುವುದಿಲ್ಲ ಎಂಬುದು ನಿಮಗೂ ಗೊತ್ತು. ಆದರೆ ಇವತ್ತು ನಾನು ಬೇಗ ಮುಗಿಸಬೇಕಾಗಿದೆ. ಕಾರಣ ಆಮೇಲೆ ಹೇಳುತ್ತೇನೆ. ಹೇಳದೆಯೂ ಇರಬಹುದು.

ನನ್ನನ್ನು ಪರಿಚಯಿಸಿದವರು 'ಒಳಾಂಗಣ ಶಿಲ್ಪಿ' ಎಂದರು. ಅಷ್ಟು ದೊಡ್ಡದಲ್ಲ. ನಮ್ಮ ಸಂಸ್ಥೆಯ ಪ್ರತಿ ಕಟ್ಟಡದಲ್ಲೂ, ಮಾರಾಟ ಶುರುವಾಗುವ ಮೊದಲು, ಒಂದು ಮಾದರಿ ಮನೆ ಸಿದ್ಧವಾಗುತ್ತದೆ. ಕೊಳ್ಳುವವರು ಬಂದು ನೋಡುವ ಮನೆ. ಅದನ್ನು ಸಜ್ಜುಗೊಳಿಸುವವನು ನಾನು. ಅಲ್ಲಿನ ಟಿವಿ ರಟ್ಟಿನದು. ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇದೆ, ಹೊಟ್ಟೆಯಿಲ್ಲ. ಬುಟ್ಟಿಯ ಹಣ್ಣು ಮೇಣದ್ದು. ಗಡಿಯಾರಕ್ಕೆ ಬ್ಯಾಟರಿ ಹಾಕುವುದಿಲ್ಲ. ಅದರ ಸದ್ದು ಕೇಳಿದರೆ ಬಂದವರಿಗೆ ಹೊರಡುವ ನೆನಪಾಗುತ್ತದೆ. ಒಳಗಿನ ಕೋಣೆಗಳಿಗೆ ಬಾಗಿಲಿಲ್ಲ, ಬಾಗಿಲು ಜಾಗ ತಿನ್ನುತ್ತದೆ. ಇನ್ನು ಮಂಚ. ಮಂಚ ಒಂದು ಗೇಣು ಕಡಿಮೆ. ಸೋಫಾ, ಮೇಜು, ಕುರ್ಚಿ, ಎಲ್ಲವೂ ಸ್ವಲ್ಪ ಸ್ವಲ್ಪ ಕಡಿಮೆ. ಸಾಮಾನು ಸಣ್ಣದಾದರೆ ಕೋಣೆ ದೊಡ್ಡದಾಗುತ್ತದೆ. ಇದು ಮೋಸವೇ? ಮಾಲೀಕರು ಎದುರಿಗೇ ಕುಳಿತಿದ್ದಾರೆ, ಆದ್ದರಿಂದ ಅಲ್ಲ ಎನ್ನುತ್ತೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆ ಎಷ್ಟಿರಬೇಕು ಎಂದು ಅವರು ಹೇಳಲಿಲ್ಲ. ಅದನ್ನು ನನಗೆ ಬಿಟ್ಟರು.

ಒಮ್ಮೆ ವಯಸ್ಸಾದವರೊಬ್ಬರು ಮನೆ ನೋಡಲು ಬಂದರು. ಅಲ್ಲಿ ಯಾರೂ ಮಲಗುವಂತಿಲ್ಲ. ಅವರು ಚಪ್ಪಲಿ ಕಳಚಿ ಮಲಗಿಯೇ ಬಿಟ್ಟರು. ಪಾದಗಳೆರಡೂ ಹೊರಗೆ.

"ಅಲ್ಲಪ್ಪಾ, ಇದ್ರಲ್ಲಿ ನಿದ್ದೆ ಮಾಡೋದು ಹಾಗಿರ್ಲಿ, ನೆಟ್ಟಗೆ ಸಾಯೋಕೂ ಆಗಲ್ವಲ್ಲ."

"ಯಜಮಾನ್ರೇ, ಇದು ನೋಡೋಕೆ ಇಟ್ಟಿರೋದು."

"ನೋಡೋಕೆ ಮಂಚ ಯಾಕಪ್ಪಾ? ಮಂಚ ಇರೋದು ಕಣ್ಣು ಮುಚ್ಚೋಕೆ."

ಸಭಿಕರೇ, ಅವರು ಮನೆ ಕೊಂಡರು. ಕಿಟಕಿ ಚೆನ್ನಾಗಿದೆಯಂತೆ.

ನನ್ನ ಶ್ರೀಮತಿಯವರು ಎತ್ತರ. ನನಗಿಂತ ಎತ್ತರ. ಮದುವೆಯ ಫೋಟೋದಲ್ಲಿ ನಾನು ಇಟ್ಟಿಗೆಯ ಮೇಲೆ ನಿಂತಿದ್ದೇನೆ. ಈ ವೃತ್ತಿಯ ಲಕ್ಷಣ ಆಗಲೇ ಇತ್ತು ಎನ್ನಬೇಕು. ನನ್ನ ಮೊದಲ ಕಟ್ಟಡ ಪೂರ್ತಿ ಮಾರಾಟವಾದಾಗ ಮಾದರಿ ಮನೆಯ ಸಾಮಾನನ್ನೆಲ್ಲ ನನಗೇ ಕೊಟ್ಟರು. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು. ಇದ್ದ ಮಂಚ ಮಾರಿ, ಲಾರಿ ತುಂಬ ತಂದೆ. ಅವಳು ಮಲಗಿ ನೋಡಿ ನಕ್ಕಳು.

"ನಾನೇನು ಉದ್ದ ಆದ್ನಾ, ಇಲ್ಲಾ ಮಂಚ ಗಿಡ್ಡ ಆಯ್ತಾ?"

"ಓರೆಯಾಗಿ ಮಲಕ್ಕೋ, ಸರಿಹೋಗುತ್ತೆ. ನಿಧಾನಕ್ಕೆ ಬದಲಾಯಿಸೋಣ" ಎಂದೆ.

ಓರೆಯಾಗಿ ಮಲಗಿದಳು. ನನಗೆ ಜಾಗ ಸಾಲಲಿಲ್ಲ. ಆಮೇಲೆ ಅವಳು ನಡುಮನೆಯಲ್ಲಿ ಚಾಪೆ ಹಾಸಿಕೊಂಡಳು. ಕೇಳಿದವರಿಗೆ ನಾನು ಬೆನ್ನುನೋವು ಎಂದು ಹೇಳುತ್ತ ಬಂದೆ. ಎಷ್ಟು ಸಲ ಹೇಳಿದೆನೆಂದರೆ, ಒಂದು ಸಂಜೆ ಔಷಧಿ ಅಂಗಡಿಯಲ್ಲಿ ನಿಂತು ಅವಳಿಗೆಂದು ಬೆನ್ನುನೋವಿನ ಮುಲಾಮು ಕೊಂಡೆ. ಅವಳು ಅದನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಮುಚ್ಚಳ ತೆಗೆಯಲೇ ಇಲ್ಲ.

ಒಂದೊಂದು ಕಟ್ಟಡ ಮುಗಿದಾಗಲೂ ಹೊಸ ಸಾಮಾನು ಬಂತು. ಹೊಸ ಸೋಫಾ, ಹೊಸ ಕಪಾಟು, ಹೊಸ ಕನ್ನಡಿ. ಬಂದವರೆಲ್ಲ "ಎಷ್ಟು ವಿಶಾಲವಾಗಿದೆ ನಿಮ್ಮನೆ" ಎಂದರು. ವಿಶಾಲವಾಗಿಯೇ ಇತ್ತು. ಚಾಪೆಯೊಂದು ಅಡ್ಡ ಬರುತ್ತಿತ್ತು. ಬೆಳಿಗ್ಗೆ ಅವಳೇ ಸುತ್ತಿಡುತ್ತಿದ್ದಳು.

ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ. ಈ ತಟ್ಟೆಯಲ್ಲಿ ಒಂದು ಬೀಗದ ಕೈ ಇಟ್ಟಿದ್ದಾರೆ. ಹೊಸ ಕಟ್ಟಡದ ಮಾದರಿ ಮನೆಯನ್ನೇ, ಒಳಗಿನ ಸಾಮಾನು ಸಮೇತ, ಸಂಸ್ಥೆ ನನಗೆ ಉಡುಗೊರೆಯಾಗಿ ಕೊಡುತ್ತಿದೆ. ನಾನು ದುಡಿದು ಕೊಳ್ಳಲಾಗದ ಮನೆ. ಇದಕ್ಕಿಂತ ಹೆಚ್ಚಿನದು ಒಬ್ಬ ಮನುಷ್ಯನಿಗೆ ಏನು ಬೇಕು? ಇದು ಭಾಷಣಕ್ಕೆಂದು ಯೋಚಿಸಿಟ್ಟುಕೊಂಡ ಪ್ರಶ್ನೆ. ಚಪ್ಪಾಳೆ ಬರುತ್ತದೆ ಎಂದುಕೊಂಡಿದ್ದೆ, ಹಾಗಾಗಿ ಉತ್ತರ ಯೋಚಿಸಿರಲಿಲ್ಲ.

ಇವತ್ತು ಬೆಳಿಗ್ಗೆ, ಈ ಶರ್ಟಿಗೆ ಇಸ್ತ್ರಿ ಮಾಡುತ್ತ ಅವಳು ಹೇಳಿದಳು: "ನಾನು ಆ ಮನೆಗೆ ಬರಲ್ಲ ರೀ."

"ಯಾಕೆ? ಸಾಮಾನು ತಾನೆ? ನಿಧಾನಕ್ಕೆ ಬದಲಾಯಿಸೋಣ."

"ಅವತ್ತೂ ಹೀಗೇ ಅಂದ್ರಿ."

"ಜನ ಅಂಥ ಮನೆಗೆ ಬಾಯ್ಬಾಯಿ ಬಿಡ್ತಾರೆ ಕಣೇ."

"ಬಿಡ್ಲಿ. ನಾನು ಬೈತಾ ಇಲ್ಲ. ಕಾಲು ಚಾಚಿ ಮಲಗ್ಬೇಕು ಅನ್ಸಿದೆ, ಅಷ್ಟೇ. ಸಭೆಗೆ ಬರ್ತೀನಿ, ಬಾಗಿಲ ಹತ್ರ ಕೂತಿರ್ತೀನಿ. ನೀವು ಬೀಗದ ಕೈ ಜೇಬಿಗೆ ಹಾಕ್ಕೊಂಡ್ರೆ, ನಾನು ಅಲ್ಲಿಂದ್ಲೇ ಅಕ್ಕನ ಊರಿನ ಬಸ್ಸು ಹತ್ತೀನಿ."

ಜಗಳದ ದನಿಯಲ್ಲ. ಕಾಲರಿನ ಸುಕ್ಕು ತೆಗೆಯುತ್ತ ಹೇಳಿದ್ದು. ಸುಕ್ಕು ಪೂರ್ತಿ ಹೋಗಿದೆ, ನೀವೇ ನೋಡಬಹುದು.

ಸಭಿಕರೇ, ಬೀಗದ ಕೈ ಈಗ ತಟ್ಟೆಯಲ್ಲಿಲ್ಲ. ನನ್ನ ಎಡಗೈಯಲ್ಲಿದೆ. ಮಾತಾಡುತ್ತ ಯಾವಾಗ ಎತ್ತಿಕೊಂಡೆನೋ ತಿಳಿಯದು. ಜೇಬಿಗೆ ಹಾಕಿಲ್ಲ. ಆದರೆ ಈ ಭಾಷಣದ ಮೇಜಿನ ಹಿಂದೆ ನನ್ನ ಕೈ ಎಲ್ಲಿದೆ ಎಂದು ಬಾಗಿಲ ಬಳಿಯಿಂದ ಹೇಗೆ ಕಾಣಬೇಕು? ಈ ಮೇಜನ್ನೂ ನಾನೇ ಮಾಡಿಸಿದ್ದು. ನಾಲ್ಕು ಬೆರಳು ಗಿಡ್ಡ. ಇದರ ಹಿಂದೆ ಯಾರು ನಿಂತರೂ ದೊಡ್ಡವರಾಗಿ ಕಾಣುತ್ತಾರೆ. ನನ್ನ ಸರಿಯಾದ ಅಳತೆ ಗೊತ್ತಿರುವವರು ಈ ಸಭೆಯಲ್ಲಿ ಒಬ್ಬರೇ.

ಅವರು ಎದ್ದರು. ಚೀಲ ಹೆಗಲಿಗೇರಿತು.

ಹಾಗಾದರೆ ಮುಗಿಸುತ್ತೇನೆ. ಕರೆದು ಗೌರವಿಸಿದ ಅಧ್ಯಕ್ಷರಿಗೆ, ಮಾಲೀಕರಿಗೆ, ಅರ್ಧದಲ್ಲಿ ಏಳದೆ ಕುಳಿತ ನಿಮಗೆಲ್ಲ ನಾನು ಋಣಿ. ಬೀಗದ ಕೈಯನ್ನು ಇಲ್ಲಿ, ನೀರಿನ ಲೋಟದ ಪಕ್ಕ ಇಡುತ್ತಿದ್ದೇನೆ. ಮರೆತು ಹೋದ ಎಂದುಕೊಂಡು ಯಾರೂ ನನ್ನ ಹಿಂದೆ ಓಡಿ ಬರಬೇಡಿ. ಈಗ ಓಡಬೇಕಾದವನು ನಾನು.

ನಮಸ್ಕಾರ.