ಮೊದಲು ಹುಣಸೆಹುಳಿ

ಬೆಳಗಾವಿ ಬಸ್ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದ ನಾಗರತ್ನಾಳ ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು ಬಂದು ಕುಳಿತಳು. ಮಡಿಲಲ್ಲಿ ಮಣ್ಣಿನ ಗಡಿಗೆ, ಅದರ ಮುಚ್ಚಳದ ಸುತ್ತ ಕಣಕ ಮೆತ್ತಿತ್ತು. ಜೊತೆಗಿದ್ದ ಹುಡುಗಿ, ಅವಳ ತಂಗಿಯ ಮಗಳು, ಅದನ್ನೇ ನೋಡಿದಳು.

“ಮಾವಶಿ, ಹಲಸಿ ಊರಿನ ಪಿಕ್ನಿಕ್ಕಿಗೆ ರಾಜ್ಮಾದ ಬೇಕ್ಡ್ ಬೀನ್ಸ್ ನಿನ್ನ ನಾದಿನಿ ಅಲ್ಲೇ ಮಾಡ್ತಾರಂತಲ್ಲ. ಮತ್ತ ಈ ಗಡಗಿ ಯಾಕ?”

“ಹೋದ ಬ್ಯಾಸಗ್ಯಾಗ ವಡಗಾವಿ ಬೇಕರಿ ಭಟ್ಟ್ಯಾಗ ಬೇಯಿಸಿದ್ದು ನಾನು. ‘ನಾ ಮಾಡೀನಿ’ ಅಂತ ಬಡಿಸಿದ್ದು ಆಕಿ.”

“ಅದಕ್ಕ ಈ ಸಲಾನೂ ಅವರ ಮಾಡ್ಬೇಕಂತ ಎಲ್ಲಾರೂ ಗಂಟು ಬಿದ್ದಾರ.”

“ಮೊನ್ನೆ ಗುಟ್ಟಾಗಿ ಫೋನ್ ಮಾಡಿ ಹೆಂಗ ಮಾಡೂದಂತ ಕೇಳಿದ್ಲು. ಹೇಳಿಕೊಟ್ಟೆ. ಮೊದ್ಲ ಹುಣಸಿಹುಳಿ ಹಾಕು, ಅದರಾಗ ರಾಜ್ಮಾ ಕುದಸು ಅಂದೆ.”

“ಅಯ್ಯ! ಹುಳಿ ಮೊದ್ಲ ಬಿದ್ರ ಕಾಳು ಮೆತ್ತಗಾಗಂಗಿಲ್ಲಲ್ಲ!”

“ಹೊತ್ತು ಮುಳುಗೂತನಾ ಕುದಸ್ಲಿ.”

ನಾಗರತ್ನಾ ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿದಳು.

“ಮಾವಶಿ, ನಾವು ಜೈನರು. ಹೊತ್ತು ಮುಳುಗಿದ ಮ್ಯಾಲೆ ಯಾರೂ ಉಣ್ಣಂಗಿಲ್ಲ.”

“ಈ ಗಡಗ್ಯಾಗ ನಾ ಬೇಯಿಸಿದ್ದು ಎಲ್ಲಾರಿಗೂ ಆಗೂವಷ್ಟೈತಿ. ‘ಹೋದ ವರ್ಷದ್ದು ನಮ್ಮ ಅತ್ತಿಗಿ ಕೈಯಿಂದು’ ಅಂತ ಆಕಿ ಎಲ್ಲಾರ ಮುಂದ ಹೇಳ್ಲಿ, ಆಗಿಂದಾಗ ಮುಚ್ಚಳ ತಗೀತೀನಿ.”

“ಹೇಳದಿದ್ರ? ನೀನೂ ಉಪವಾಸನ.”

ಹಲಸಿಯ ಕಡೆ ಹೋಗುವ ಖಾನಾಪುರದ ಬಸ್ ಬಂತು. ಹೆಂಗಸು ಗಡಿಗೆಯನ್ನು ಎದೆಗವಚಿಕೊಂಡು ಎದ್ದಳು.

“ಉಪವಾಸ ನನಗ ರೂಢಿ ಐತಿ, ಮಯೂರಿ. ಆಕಿಗಿಲ್ಲ.”